ನಿಂತರೆ ಸರಿ, ನಡೆದರೆ ಕುಸಿತ: ಡೂಮ್‌ನಲ್ಲಿ ಕೆ.ಆರ್. ಮಾರುಕಟ್ಟೆ

ಡೂಮ್ ಎಂಬ ಹಳೆಯ ಕಂಪ್ಯೂಟರ್ ಆಟದೊಳಗೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ನಕ್ಷೆ ಕಟ್ಟುತ್ತಿದ್ದೇನೆ. ಹನ್ನೊಂದನೆಯ ರಾತ್ರಿ ಅದರ ಹೂವಿನ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದೆ. ಆಟ ಕುಸಿಯಲಿಲ್ಲ. ಹಿಂದಕ್ಕೆ ಓಡಿದೆ. ಆಗಲೂ ಕುಸಿಯಲಿಲ್ಲ.

ಗೋಡೆ ಎಳೆಯುವುದು, ಅದಕ್ಕೆ ಚಿತ್ರ ಹೊಂದಿಸುವುದು ಮಾಮೂಲಿ ಕೆಲಸ, ಬಿಡಿ. ಮೇಲ್ಸೇತುವೆಯನ್ನು ಮೊದಲ ದಿನವೇ ಕೈಬಿಟ್ಟಿದ್ದೆ, ಏಕೆಂದರೆ ಡೂಮ್ ನಕ್ಷೆಯಲ್ಲಿ ಒಂದು ನೆಲದ ಮೇಲೆ ಇನ್ನೊಂದು ನೆಲ ಬರುವಂತಿಲ್ಲ. ಬೆಂಗಳೂರಿಗೆ ಮೇಲ್ಸೇತುವೆ ಬೇಡವೆಂದು ತೀರ್ಮಾನಿಸಿದ ಮೊದಲ ಯೋಜಕ ಬಹುಶಃ ನಾನೇ.

ಜೀವ ತಿಂದದ್ದು ವಿಸ್‌ಪ್ಲೇನ್, ಅಂದರೆ ಕಣ್ಣಿಗೆ ಬೀಳುವ ನೆಲ, ಚಾವಣಿಗಳ ಒಂದೊಂದು ಹಾಸನ್ನು ಚಿತ್ರಿಸಲು ಆಟದ ಎಂಜಿನ್ ಇಟ್ಟುಕೊಳ್ಳುವ ಲೆಕ್ಕ. 1993ರ ಮೂಲ ಎಂಜಿನ್ ಒಂದು ನೋಟಕ್ಕೆ 128 ವಿಸ್‌ಪ್ಲೇನ್ ಮಾತ್ರ ತಾಳುತ್ತದೆ. ಎತ್ತರ, ಹಾಸಿನ ಚಿತ್ರ, ಬೆಳಕು, ಈ ಮೂರರಲ್ಲಿ ಒಂದು ಬದಲಾದರೂ ಹೊಸ ಲೆಕ್ಕ. ಮಾರುಕಟ್ಟೆಯಲ್ಲಿ ಒಬ್ಬರ ಹಲಗೆಯಂತೆ ಇನ್ನೊಬ್ಬರ ಹಲಗೆ ಇರುವುದಿಲ್ಲ, ಒಂದು ಟಾರ್ಪಾಲಿನಂತೆ ಇನ್ನೊಂದು ಜೋಲುವುದಿಲ್ಲ, ಮೇಲಾಗಿ ತಲೆಗೊಂದು ಬಲ್ಬು. ಮಿತಿ ದಾಟಿತೋ, ಆಟ ನಿಂತುಹೋಗಿ ನಮ್ಮನ್ನು ಎತ್ತಿ ಡಾಸ್‌ಗೆ, ಅಂದರೆ ಹಳೆಯ ಕಂಪ್ಯೂಟರಿನ ಕಪ್ಪು ಪರದೆಗೆ, ಎಸೆಯುತ್ತದೆ.

ಆಕಾಶವನ್ನು ಮಾತ್ರ ಎಂಜಿನ್ ಎಲ್ಲಿದ್ದರೂ ಒಂದೇ ಎಂದು ಎಣಿಸುತ್ತದೆ. ಹಾಗಾಗಿ ಮೊದಲು ಟಾರ್ಪಾಲುಗಳನ್ನು ಕಿತ್ತೆ. ಲೆಕ್ಕ ಇಳಿಯಿತು, ಆದರೆ ಬಂದ್ ದಿನದ ಬಯಲಿನಂತೆ ಕಂಡಿತು. ಮನಸ್ಸು ಒಪ್ಪಲಿಲ್ಲ, ಮತ್ತೆ ಕಟ್ಟಿದೆ.

1997ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಆಟದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಓದುತ್ತಾ ಕುಳಿತಾಗ ಹೊಳೆಯಿತು: ಕಣ್ಣಿಗಿಂತ ಎತ್ತರದ ನೆಲವನ್ನು ಎಂಜಿನ್ ಎಣಿಸುವುದೇ ಇಲ್ಲ. ಅಂಗಡಿಯ ಹಲಗೆಯೂ ಅದಕ್ಕೆ ಎತ್ತರಿಸಿದ ನೆಲವೇ. ಆಟಗಾರನ ಕಣ್ಣು ಇರುವುದು ನಿಂತ ನೆಲದಿಂದ 41 ಯೂನಿಟ್ (ನಕ್ಷೆಯ ಅಳತೆ) ಎತ್ತರದಲ್ಲಿ. ಹಲಗೆಗಳನ್ನೆಲ್ಲ 48ಕ್ಕೆ ಏರಿಸಿ ಮೇಲೆ ಹೂರಾಶಿಯ ಸ್ಪ್ರೈಟ್‌ಗಳನ್ನು, ಅಂದರೆ ಚಪ್ಪಟೆ ಚಿತ್ರಗಳನ್ನು, ಇಟ್ಟೆ. ಸ್ಪ್ರೈಟ್‌ಗೂ 128ರ ಮಿತಿಯುಂಟು, ಆದರೆ ಅದು ಸಜ್ಜನ ಮಿತಿ: ಹೆಚ್ಚಾದದ್ದನ್ನು ಚಿತ್ರಿಸದೆ ಸುಮ್ಮನಾಗುತ್ತದೆ. ಎರಡು ಮೊಳ ಸೇವಂತಿಗೆ ಕಾಣದಿದ್ದರೆ ಯಾರಿಗೇನು ನಷ್ಟ?

ನಿಂತು ನೋಡಿದರೆ ವಿಸ್‌ಪ್ಲೇನ್ ಎಣಿಕೆ 119. ನಡೆದರೆ ಕುಸಿತ! ಒಮ್ಮೆ ಮಲ್ಲಿಗೆಯ ಮುಂದೆ, ಒಮ್ಮೆ ಕನಕಾಂಬರದ ಮುಂದೆ, ಒಮ್ಮೊಮ್ಮೆ ಎಲ್ಲೂ ಇಲ್ಲ. ಮೂರು ರಾತ್ರಿ ಮೌಸನ್ನು ಶಪಿಸಿದೆ. ಎಸ್.ಪಿ. ರಸ್ತೆಯಲ್ಲಿ ಕೊಂಡ ಆ ಮಹಾನುಭಾವ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತೆ ನಡೆದುಕೊಳ್ಳುತ್ತಾನೆ. ನಕ್ಷೆಯಲ್ಲಿ ಬೇಡದ ಬಿಂದುಗಳು ಹುಟ್ಟುತ್ತವೆ. ಬದಲಿಸಿಕೊಡಿ ಎಂದರೆ ಅಂಗಡಿಯವರು, ಎರಡು ಕ್ಲಿಕ್ ಬರುತ್ತಿದೆಯಲ್ಲ, ಲಾಭವೇ ಆಯಿತಲ್ಲ ಎಂದರು. ಆದರೆ ಈ ಸಲ ಮೌಸ್ ನಿರಪರಾಧಿ.

ತಪ್ಪು ನಡಿಗೆಯದು. ಡೂಮ್‌ನಲ್ಲಿ ನಡೆಯುವಾಗ ನೋಟ ತೂಗುತ್ತದೆ, ಮೇಲಕ್ಕೆ 8, ಕೆಳಕ್ಕೆ 8. 41ಕ್ಕೆ 8 ಸೇರಿಸಿದರೆ 49. ನನ್ನ ಹಲಗೆ 48! ಪ್ರತಿ 20 ಟಿಕ್‌ಗಳಲ್ಲಿ (ಟಿಕ್ ಎಂದರೆ ಆಟದ ಗಡಿಯಾರದ ಒಂದು ಹೆಜ್ಜೆ) ಮೂರು ಟಿಕ್ ಕಾಲ ಕಣ್ಣು ಹಲಗೆಗಿಂತ ಮೇಲೆದ್ದು ಎಲ್ಲ ಅಂಗಡಿಗಳನ್ನೂ ಇಣುಕಿ ನೋಡುತ್ತಿತ್ತು. ಸೆಕೆಂಡಿಗೆ 35 ಟಿಕ್ ಎಂದಮೇಲೆ ಅದು ಸೆಕೆಂಡಿನ ಹನ್ನೊಂದನೆಯ ಒಂದು ಭಾಗವೂ ಅಲ್ಲ. ಹಲಗೆಯನ್ನು 50ಕ್ಕೆ ಏರಿಸಿದೆ. ಹನ್ನೊಂದು ರಾತ್ರಿಗೆ ಎರಡು ಯೂನಿಟ್.

ಮಿತಿಯಿಲ್ಲದ ಎಂಜಿನ್‌ಗಳು ಉಚಿತವಾಗಿ ಸಿಗುವಾಗ ಈ ಹಟವೇಕೆ ಎಂದು ಗೆಳೆಯ ಕೇಳುತ್ತಾನೆ. ಅದರಲ್ಲೂ ಶುರು ಮಾಡಿದ್ದೆ. ಮಾರುಕಟ್ಟೆ ಅವೆನ್ಯೂ ರಸ್ತೆಗೆ ಚಾಚಿತು, ಅಲ್ಲಿಂದ ಚಿಕ್ಕಪೇಟೆಗೆ. ಎರಡು ವರ್ಷವಾದರೂ ಒಂದು ಬಾಗಿಲೂ ಸರಿಯಾಗಿ ತೆರೆಯಲಿಲ್ಲ. ಈ ಹಳೆಯ ಮಿತಿಯೊಳಗಾದರೆ ಯಾವ ಹಲಗೆ ಇರಬೇಕು, ಯಾವ ಬಲ್ಬು ಆರಬೇಕು ಎಂದು ಪ್ರತಿಯೊಂದಕ್ಕೂ ನಾನೇ ಜಗಳವಾಡಬೇಕು. ಅದಕ್ಕಾಗಿಯೇ ಒಂದು ಭಾನುವಾರ ಬೆಳಗ್ಗೆ ನಿಜವಾದ ಮಾರುಕಟ್ಟೆಗೆ ಹೋಗಿ ಹಲಗೆಗಳನ್ನು ಎಣಿಸಿ ಬಂದೆ.

ಮುಂದಿನದು ಕಡಲೆಕಾಯಿ ಪರಿಷೆ ಎಂದು ಮನಸ್ಸು ಆಗಲೇ ಬಸವನಗುಡಿಗೆ ಹೊರಟಿದೆ. ಒಂದೇ ಚಿತ್ರದ ಸ್ಪ್ರೈಟ್ ಎತ್ತ ಹೋದರೂ ನಮ್ಮತ್ತಲೇ ಮುಖ ಮಾಡುತ್ತದೆ. ದೊಡ್ಡ ಬಸವಣ್ಣನಿಗೆ ಪ್ರದಕ್ಷಿಣೆ ಹಾಕಿದರೆ ಅವನೂ ಜೊತೆಗೇ ತಿರುಗುತ್ತಾನೆ. ಎಂಟು ದಿಕ್ಕಿಗೂ ಚಿತ್ರ ಬರೆಯಬೇಕು.

ಅದಕ್ಕೆ ಮೊದಲು ಇಲ್ಲಿನ ಪ್ರವೇಶದ ಮೆಟ್ಟಿಲು. 24ರ ಮೆಟ್ಟಿಲ ಮೇಲೆ ನಿಂತರೆ ಕಣ್ಣು 65ಕ್ಕೇರಿ ಎಲ್ಲ ಹಲಗೆಗಳೂ ಲೆಕ್ಕಕ್ಕೆ ಬರುತ್ತವೆ. ಸದ್ಯಕ್ಕೆ ಬಾಳೆಕಂದಿನ ಲಾರಿಯೊಂದನ್ನು ಅಡ್ಡ ನಿಲ್ಲಿಸಿ, ನುಸುಳಲು 40 ಯೂನಿಟ್ ಸಂದಿ ಬಿಟ್ಟಿದ್ದೇನೆ. ಆ ಸಂದಿಯಲ್ಲಿ ಇಣುಕಿದರೆ ಎಣಿಕೆ 126.