ಸೀಟಿಗೂ ಮೊದಲು ಹೊಡೆದ ಫ್ರೀ ಕಿಕ್: ಬೆಂಗಳೂರು ಎಫ್‌ಸಿಯ ಒಂದು ತಿಂಗಳು

ಮಾರ್ಚ್ 4, 2023, ಶನಿವಾರ

ನಿನ್ನೆಯ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ನಾಯಕ ಸುನಿಲ್ ಛೆಟ್ರಿ ಸೀಟಿಗೆ ಕಾಯದೆ ಹೊಡೆದ ಗೋಲು ನಿಯಮದ ಒಳಗೇ ಇದೆ. ಅದನ್ನು ಒಪ್ಪದೆ ಎದುರಾಳಿ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದದ್ದು ತಪ್ಪು. ರೆಫರಿ ಇನ್ನಷ್ಟು ಸ್ಪಷ್ಟವಾಗಿ ನಡೆದುಕೊಳ್ಳಬಹುದಿತ್ತೇ ಎಂಬುದು ಮೂರನೆಯ ಪ್ರಶ್ನೆ. ನಿನ್ನೆ ರಾತ್ರಿಯಿಂದ ಎಲ್ಲರೂ ಮೂರನ್ನೂ ಒಂದೇ ಉಂಡೆ ಮಾಡಿ ಜಗಳ ಆಡುತ್ತಿದ್ದಾರೆ. ಬಿಡಿಸಿ ನೋಡಬೇಕು.

ಕಂಠೀರವದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ನಾಕೌಟ್. ಲೀಗ್‌ನಲ್ಲಿ ನಾಲ್ಕನೆಯ ಸ್ಥಾನದ ಬೆಂಗಳೂರಿಗೆ ತವರು ಮೈದಾನ, ಐದನೆಯ ಸ್ಥಾನದ ಬ್ಲಾಸ್ಟರ್ಸ್ ಎದುರಾಳಿ. ಒಂದೇ ಪಂದ್ಯ, ಸೋತವರು ಹೊರಗೆ. 90 ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಆಟದ 96ನೇ ನಿಮಿಷದಲ್ಲಿ ಪೆನಾಲ್ಟಿ ಬಾಕ್ಸ್‌ನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಚೆಂಡಿಗೆ ಅಡ್ಡಲಾಗಿ ಆಟಗಾರರ ಗೋಡೆ ಕಟ್ಟಿಸುವುದರಲ್ಲಿದ್ದಾಗ ಛೆಟ್ರಿ ಚೆಂಡನ್ನು ಮೆಲ್ಲನೆ ಎತ್ತಿ ಬಲೆಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು. ಸುಮಾರು 20 ನಿಮಿಷ ಕಾದ ಮೇಲೆ 1-0 ಅಂತರದಲ್ಲಿ ಬೆಂಗಳೂರು ಗೆದ್ದಿತೆಂದು ಘೋಷಿಸಲಾಯಿತು.

ಈಗ ನಿಯಮಕ್ಕೆ ಬರೋಣ. ಫ್ರೀ ಕಿಕ್ ವಿಷಯ ಇರುವುದು 13ನೇ ನಿಯಮದಲ್ಲಿ. ಚೆಂಡು ನಿಂತಿರಬೇಕು, ತಪ್ಪು ನಡೆದ ಜಾಗದಲ್ಲಿರಬೇಕು, ಒದ್ದವನು ಬೇರೆಯವರು ಮುಟ್ಟುವ ತನಕ ಮತ್ತೆ ಮುಟ್ಟಬಾರದು. ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕು. ಒದೆಯುವ ಮುನ್ನ ಸೀಟಿ ಕಾಯಲೇಬೇಕು ಎಂದು ಅಲ್ಲಿ ಎಲ್ಲೂ ಇಲ್ಲ. ಸೀಟಿ ಯಾವಾಗ ಕಡ್ಡಾಯ ಎಂಬುದನ್ನು 5ನೇ ನಿಯಮದ ಮಾರ್ಗಸೂಚಿ ಹೇಳುತ್ತದೆ: ಎದುರಾಳಿಗಳನ್ನು ನಿಗದಿತ ದೂರಕ್ಕೆ ಸರಿಸಬೇಕಾದಾಗ, ಕಾರ್ಡ್ ತೋರಿಸಿದ ಮೇಲೆ, ಗಾಯಕ್ಕೆ ಆಟ ನಿಂತ ಮೇಲೆ, ಬದಲಿ ಆಟಗಾರ ಬಂದ ಮೇಲೆ. ಇವು ಯಾವುವೂ ಇಲ್ಲದಿದ್ದರೆ ಒದೆಯುವವನು ಸಿದ್ಧನಾದ ಕ್ಷಣ ಒದೆಯಬಹುದು.

ಗೋಡೆ ಎನ್ನುವುದು ರಕ್ಷಿಸುವ ತಂಡದ ಹಕ್ಕಲ್ಲ. ಬಹಳ ಜನ ಎಡವುತ್ತಿರುವುದು ಇಲ್ಲೇ. 9.15 ಮೀಟರ್ ಅಂತರ ಒದೆಯುವವನಿಗೆ ಕೊಟ್ಟಿರುವ ರಕ್ಷಣೆ. ಬೇಕಾದರೆ ಅವನು ಕೇಳುತ್ತಾನೆ, ಆಗ ರೆಫರಿ ಸೀಟಿಯತ್ತ ಬೆರಳು ತೋರಿಸಿ ಆಟ ತಡೆಹಿಡಿಯುತ್ತಾರೆ. ಬೇಡವೆಂದರೆ ಹಾಗೇ ಒದೆಯುತ್ತಾನೆ. ಪಂದ್ಯದ ನಂತರ ಛೆಟ್ರಿ ಹೇಳಿದ್ದೂ ಅದನ್ನೇ. ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದರಂತೆ.

ಬ್ಲಾಸ್ಟರ್ಸ್ ವಾದಕ್ಕೆ ಬಲ ಬರುವುದು ಒಂದೇ ಸಂದರ್ಭದಲ್ಲಿ. ರೆಫರಿ ತಾವಾಗಿಯೇ ಆಟಗಾರರನ್ನು ಹಿಂದಕ್ಕೆ ಸರಿಸಲು ಶುರು ಮಾಡಿದ್ದರೆ, ಅಲ್ಲಿಂದ ಸೀಟಿ ಕಡ್ಡಾಯ. ಹಾಗಾಗಿ ದೃಶ್ಯ ಮತ್ತೆ ನೋಡುವವರು ಛೆಟ್ರಿಯ ಕಾಲನ್ನಲ್ಲ, ರೆಫರಿಯ ಕೈಯನ್ನು ನೋಡಬೇಕು. ವಾದ ಮಾಡುವುದಿದ್ದರೆ ಅದರ ಮೇಲೆ ಮಾಡಲಿ. "ನ್ಯಾಯವಾಗಿ ಆಡಲಿಲ್ಲ" ಎನ್ನುವುದು ವಾದವಲ್ಲ.

ಕೀಪರ್‌ಗಳಿಗೆ ಮತ್ತು ಅವರನ್ನು ತರಬೇತಿಗೊಳಿಸುವವರಿಗೆ ಇಲ್ಲಿ ಕೆಲಸವಿದೆ. ನಮ್ಮಲ್ಲಿ ಶಾಲಾ ಮಟ್ಟದಿಂದಲೂ ಕಲಿಸುವ ಕ್ರಮ ಒಂದೇ: ಫ್ರೀ ಕಿಕ್ ಸಿಕ್ಕ ಕೂಡಲೇ ಕೀಪರ್ ಹತ್ತಿರದ ಕಂಬಕ್ಕೆ ಓಡಬೇಕು, ಕಂಬ ಹಿಡಿದು, ಗೋಡೆಯ ಹೊರಗಿನವನನ್ನು ಕಂಬ ಮತ್ತು ಚೆಂಡಿನ ನೇರಕ್ಕೆ ಕೈಸನ್ನೆಯಲ್ಲಿ ನಿಲ್ಲಿಸಬೇಕು. ಆ ಕೆಲವು ಸೆಕೆಂಡು ಏಳು ಮೀಟರಿಗೂ ಹೆಚ್ಚು ಅಗಲದ ಗೋಲು ಬಹುಪಾಲು ಖಾಲಿ. ರೆಫರಿ ಸೀಟಿಯತ್ತ ಕೈ ತೋರಿಸುವ ತನಕ ಕೀಪರ್ ಗೋಲಿನ ನಡುವೆ, ಗೆರೆಯಿಂದ ಒಂದೆರಡು ಹೆಜ್ಜೆ ಮುಂದೆ, ಚೆಂಡಿನ ಮೇಲೆ ಕಣ್ಣಿಟ್ಟು ನಿಲ್ಲಬೇಕು. ಗೋಡೆಯನ್ನು ನೇರ ಮಾಡಲು ಒಬ್ಬ ಫಾರ್ವರ್ಡ್ ಸಾಕು. ಅವನು ಚೆಂಡಿನ ಹಿಂದೆ, ಒದೆಯುವವನ ಬೆನ್ನ ಕಡೆ ನಿಂತರೆ ಚೆಂಡು ಮತ್ತು ಕಂಬ ಎರಡೂ ಒಂದೇ ಗೆರೆಯಲ್ಲಿ ಕಾಣುತ್ತವೆ, ಯಾರಿಗೂ ಅಡ್ಡ ಬಂದಂತೆಯೂ ಆಗುವುದಿಲ್ಲ. ಇನ್ನೊಬ್ಬ, ಸಾಮಾನ್ಯವಾಗಿ ನಾಯಕ, ನೇರ ರೆಫರಿಯ ಬಳಿ ಹೋಗಿ "ಸೀಟಿಗೆ ಕಾಯುತ್ತೀರಾ?" ಎಂದು ಕೇಳಿ, ಉತ್ತರವನ್ನು ತಂಡಕ್ಕೆ ಕೂಗಿ ಹೇಳಬೇಕು. ಚೆಂಡಿನ ಮುಂದೆ ಹೋಗಿ ನಿಲ್ಲುವುದು ಮಾತ್ರ ಬೇಡ. ಬೇಗ ಒದೆಯುವುದನ್ನು ಬೇಕೆಂದೇ ತಡೆದರೆ ಹಳದಿ ಕಾರ್ಡ್.

ಇನ್ನು ಹೊರನಡೆದದ್ದು. 120 ನಿಮಿಷಕ್ಕೆ ಇನ್ನೂ 24 ನಿಮಿಷ ಬಾಕಿಯಿತ್ತು. ಒಂದು ಗೋಲಿನ ಹಿನ್ನಡೆ ತುಂಬಿಕೊಳ್ಳಲು ಅದು ಧಾರಾಳವಾದ ಸಮಯ. ಆಡುತ್ತಲೇ ಆಕ್ಷೇಪ ದಾಖಲಿಸಬಹುದಿತ್ತು, ಪಂದ್ಯದ ಕಮಿಷನರ್‌ಗೆ ಲಿಖಿತವಾಗಿ ದೂರು ಕೊಡಬಹುದಿತ್ತು. ಹಳದಿ ಅಂಗಿ ತೊಟ್ಟು ಗ್ಯಾಲರಿ ತುಂಬಿದ್ದ ಅವರದೇ ಅಭಿಮಾನಿಗಳಿಗೆ ಆ 24 ನಿಮಿಷ ಸಲ್ಲಬೇಕಿತ್ತು. ಅದನ್ನು ಕಸಿದುಕೊಂಡದ್ದು ರೆಫರಿಯಲ್ಲ.

ಮಾರ್ಚ್ 13, 2023, ಸೋಮವಾರ

ಫೈನಲ್! ಮುಂಬೈ ಸಿಟಿ ಲೀಗ್ ಹಂತದಲ್ಲಿ 20 ಪಂದ್ಯಗಳಿಂದ 46 ಅಂಕ ಗಳಿಸಿದ ತಂಡ, ನಮ್ಮದು 34. ಆ ಅಂತರ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಮಾಯವಾಯಿತು. ಮಾರ್ಚ್ 7ರಂದು ಮುಂಬೈನಲ್ಲಿ ನಮಗೆ 1-0 ಗೆಲುವು. ನಿನ್ನೆ ಕಂಠೀರವದಲ್ಲಿ 1-2 ಸೋಲು. ಒಟ್ಟು 2-2, ಪೆನಾಲ್ಟಿಯಲ್ಲಿ ನಮಗೆ 9-8.

ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ತೂಕ ಕೊಡುವ ಹಳೆಯ ಪದ್ಧತಿ ಈ ಸಲ ಇದ್ದಿದ್ದರೆ ನಿನ್ನೆಯೇ ನಮ್ಮ ಕಥೆ ಮುಗಿಯುತ್ತಿತ್ತು. ಮುಂಬೈ ಇಲ್ಲಿ ಎರಡು ಹೊಡೆದಿದೆ, ನಾವು ಅಲ್ಲಿ ಒಂದೇ. ಆದರೂ ಹೇಳುತ್ತೇನೆ, ಆ ಪದ್ಧತಿ ಹೋದದ್ದು ಒಳ್ಳೆಯದು, ಮತ್ತು ಇದನ್ನು ನಮ್ಮ ತಂಡ ಸೋತಿದ್ದರೂ ಹೇಳುತ್ತಿದ್ದೆ. ಅದಿದ್ದಾಗ ಎರಡರಲ್ಲಿ ಮೊದಲ ಪಂದ್ಯದಲ್ಲಿ ಆತಿಥೇಯ ತಂಡ ಗೋಲು ಹೊಡೆಯುವುದಕ್ಕಿಂತ ಗೋಲು ಬಿಟ್ಟುಕೊಡದಿರುವ ಲೆಕ್ಕದಲ್ಲೇ ಆಡುತ್ತಿತ್ತು.

ಛೆಟ್ರಿಯನ್ನು ಬೆಂಚಿನಲ್ಲಿ ಕೂರಿಸಿದ್ದಕ್ಕೆ ನಮ್ಮ ಕೋಚ್ ಸೈಮನ್ ಗ್ರೇಸನ್ ಅವರನ್ನು ಬೈದವರು ಕಡಿಮೆಯಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಋತುವಿನ ಅತಿ ಒಳ್ಳೆಯ ನಿರ್ಧಾರ ಅದೇ. 3-5-2 (ಹಿಂದೆ ಮೂವರು, ನಡುವೆ ಐವರು, ಮುಂದೆ ಇಬ್ಬರು) ಆಡುವಾಗ ಮುಂದಿನ ಇಬ್ಬರೇ ಎದುರಾಳಿಯ ಡಿಫೆಂಡರ್‌ಗಳ ಮೇಲೆ ಒತ್ತಡ ಹಾಕಬೇಕು. ಶಿವಶಕ್ತಿ ನಾರಾಯಣನ್ ಆ ಓಟವನ್ನು ಬಿಡುವಿಲ್ಲದೆ ಓಡುತ್ತಾನೆ, ಹಿಂದಿನ ಖಾಲಿ ಜಾಗಕ್ಕೆ ನುಗ್ಗುತ್ತಾನೆ, ಜೊತೆಗೆ ರಾಯ್ ಕೃಷ್ಣ ಚೆಂಡು ಹಿಡಿದು ನಿಲ್ಲಿಸುತ್ತಾರೆ. ಆಟ ಒಂದು ಗಂಟೆ ಮುಟ್ಟುವ ಹೊತ್ತಿಗೆ ಎದುರಾಳಿ ಡಿಫೆಂಡರ್‌ಗಳ ಕಾಲು ಭಾರವಾಗಿರುತ್ತದೆ. ಆಗ 38ರ ಛೆಟ್ರಿ ಬರುತ್ತಾರೆ. ಅವರಿಗೆ ಈಗ ಬೇಕಿರುವುದು ಓಟದ ದೂರವಲ್ಲ, ಬಾಕ್ಸ್‌ನೊಳಗೆ ಅರ್ಧ ಗಜ ಜಾಗ. ಬ್ಲಾಸ್ಟರ್ಸ್ ವಿರುದ್ಧದ ಗೋಲೂ ಬೆಂಚಿನಿಂದ ಇಳಿದು ಬಂದ ಮೇಲೆಯೇ, ಮುಂಬೈಯಲ್ಲಿ ಕಾರ್ನರ್‌ಗೆ ತಲೆ ಕೊಟ್ಟು ಹೊಡೆದ 78ನೇ ನಿಮಿಷದ ಗೋಲೂ ಹಾಗೇ. ನಾಯಕನೊಬ್ಬ ಇದನ್ನು ಮುಖ ಗಂಟಿಕ್ಕದೆ ಒಪ್ಪಿಕೊಂಡದ್ದಕ್ಕೆ ಆತನ ಮೇಲಿನ ಗೌರವ ಇನ್ನೂ ಹೆಚ್ಚಾಗಿದೆ.

ನಮ್ಮ ಕೀಪರ್ ಗುರ್‌ಪ್ರೀತ್ ಬಗ್ಗೆ ಒಂದೇ ಸಾಲು: ಮೊದಲ ಹತ್ತು ನಿಮಿಷದೊಳಗೆ ಗ್ರೆಗ್ ಸ್ಟೀವರ್ಟ್ ಹೊಡೆದ ಪೆನಾಲ್ಟಿಯನ್ನೂ ತಡೆದರು, ಕೊನೆಗೆ ಪೆನಾಲ್ಟಿ ಸರದಿಯಲ್ಲಿ ಮೆಹತಾಬ್ ಸಿಂಗ್ ಹೊಡೆದದ್ದನ್ನೂ ತಡೆದರು. ಗೆಲುವಿನ ಹೊಡೆತ ಹೊಡೆದು ಸಂದೇಶ್ ಜಿಂಗನ್ ಮುಗಿಸಿದರು.

ಮಾರ್ಚ್ 19, 2023, ಭಾನುವಾರ

ನಿನ್ನೆ ಗೋವಾದ ಫತೋರ್ಡಾದಲ್ಲಿ ಫೈನಲ್. ಎಟಿಕೆ ಮೋಹನ್ ಬಾಗಾನ್ 2, ಬೆಂಗಳೂರು 2. ಪೆನಾಲ್ಟಿಯಲ್ಲಿ 4-3ರಿಂದ ಕಪ್ ಅವರಿಗೆ. ಹೊಟ್ಟೆ ಉರಿಯುತ್ತಿದೆ, ಆದರೂ ಕ್ರಮವಾಗಿ ಬರೆಯುತ್ತೇನೆ.

ಆಟ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಶಿವಶಕ್ತಿ ಗಾಯಗೊಂಡು ಹೊರಗೆ, ಛೆಟ್ರಿ ಒಳಗೆ. ಇದರ ಪೆಟ್ಟು ಕಾಣುವುದಕ್ಕಿಂತ ದೊಡ್ಡದು. ಬದಲಿ ಆಟಗಾರರು ಐವರು, ಆದರೆ ಅವರನ್ನು ಇಳಿಸಲು 90 ನಿಮಿಷದೊಳಗೆ ಆಟ ನಿಲ್ಲಿಸುವ ಅವಕಾಶ ಮೂರೇ ಸಲ (ವಿರಾಮದಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ). ಮೂರರಲ್ಲಿ ಒಂದು ಆರಂಭದಲ್ಲೇ ಖರ್ಚಾಯಿತು. ಅದಕ್ಕಿಂತ ಮುಖ್ಯವಾಗಿ, ದಣಿದ ಡಿಫೆನ್ಸ್ ಮೇಲೆ ಬಿಡಬೇಕಾದ ಆಟಗಾರ ತಾಜಾ ಡಿಫೆನ್ಸ್ ಎದುರು ಇಡೀ ಪಂದ್ಯ ಆಡಬೇಕಾಯಿತು. ಯೋಜನೆಯೇ ತಲೆಕೆಳಗು. ಆದರೂ ಛೆಟ್ರಿಯ ಪೆನಾಲ್ಟಿಯಿಂದ 1-1, 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಹೊಡೆದು 2-1. ಕಪ್ ಕೈಗೆಟುಕುವಷ್ಟು ಹತ್ತಿರ.

85ನೇ ನಿಮಿಷ. ಪಾಬ್ಲೊ ಪೆರೆಜ್ ಅವರು ಕಿಯಾನ್ ನಾಸಿರಿಯನ್ನು ಬೀಳಿಸಿದರೆಂದು ಪೆನಾಲ್ಟಿ. ಎಟಿಕೆಯ ಪೆಟ್ರಾಟೋಸ್ ಹೊಡೆದು ಸಮ ಮಾಡಿದರು. ತಪ್ಪು ನಡೆದದ್ದು ಬಾಕ್ಸ್‌ನ ಒಳಗೋ ಹೊರಗೋ ಎಂಬುದೇ ನಮ್ಮ ಕಡೆಯವರ ಆಕ್ಷೇಪ. ನಿಯಮದ ಪ್ರಕಾರ ಆಟಗಾರ ಬಿದ್ದ ಜಾಗ ಮುಖ್ಯವಲ್ಲ, ಕಾಲು ತಗುಲಿದ ಜಾಗ ಮುಖ್ಯ. ಬಾಕ್ಸ್‌ನ ಗೆರೆ ಬಾಕ್ಸ್‌ಗೇ ಸೇರಿದ್ದು, ಗೆರೆಯ ಮೇಲೆ ತಗುಲಿದರೂ ಪೆನಾಲ್ಟಿ. ವೇಗವಾಗಿ ಓಡುತ್ತಿರುವ ಇಬ್ಬರ ಕಾಲು ಎಲ್ಲಿ ತಗುಲಿತು ಎಂದು ದೂರದಿಂದ ಒಂದೇ ನೋಟದಲ್ಲಿ ಹೇಳುವುದು ಯಾವ ಮನುಷ್ಯನಿಗೂ ಕಷ್ಟ.

ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಬೇಕಾದದ್ದು ಇಂಥ ಜಾಗದಲ್ಲಿ. ವಿಎಆರ್ ನೋಡುವುದು ನಾಲ್ಕೇ ವಿಷಯ: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಕಾರ್ಡ್ ಬಿದ್ದದ್ದು. ಒಳಗೋ ಹೊರಗೋ ಎಂಬುದು ಅಭಿಪ್ರಾಯದ ಪ್ರಶ್ನೆಯಲ್ಲ, ಸಂಗತಿಯ ಪ್ರಶ್ನೆ. ರೆಫರಿ ಪರದೆಯ ಬಳಿಗೆ ಓಡುವ ಅಗತ್ಯವೂ ಇಲ್ಲ, ಕೋಣೆಯಲ್ಲಿ ಕುಳಿತವರು ಕಿವಿಗೆ ಹೇಳಿದರೆ ಸಾಕು. ಕಡಿಮೆ ಕ್ಯಾಮೆರಾ ಬಳಸುವ, ಸಣ್ಣ ಲೀಗ್‌ಗಳಿಗೆಂದೇ ರೂಪಿಸಿದ ಅಗ್ಗದ ವಿಎಆರ್ ವ್ಯವಸ್ಥೆಯೂ ಇದೆ. ಎಲ್ಲ ಪಂದ್ಯಗಳಿಗೆ ಆಗದಿದ್ದರೆ ಪ್ಲೇ-ಆಫ್‌ನ ಆರೂ ಪಂದ್ಯ, ಒಂದು ಫೈನಲ್, ಇಷ್ಟಕ್ಕಾದರೂ ತರಲಿ. ಎಲ್ಲ ತಂಡಗಳಿಗೂ ಸಮಾನವಾಗಿ ಅನ್ವಯಿಸುವುದರಿಂದ ನ್ಯಾಯಕ್ಕೂ ಭಂಗವಿಲ್ಲ.

ಆದರೆ ಮಾರ್ಚ್ 3ರ ಫ್ರೀ ಕಿಕ್‌ಗೂ ವಿಎಆರ್ ಇದ್ದಿದ್ದರೆ ಎನ್ನುವವರು ಆ ಪಟ್ಟಿಯನ್ನು ಓದಬೇಕು. ಆಟ ಹೇಗೆ ಮರುಆರಂಭವಾಯಿತು ಎಂಬುದನ್ನು ವಿಎಆರ್ ಪರಿಶೀಲಿಸುವುದಿಲ್ಲ. ಆ ಗೋಲು ಆಗಲೂ ಗೋಲೆಂದೇ ಉಳಿಯುತ್ತಿತ್ತು.

ಪೆನಾಲ್ಟಿ ಸರದಿಯ ಬಗ್ಗೆ ನನ್ನ ತಕರಾರಿದೆ. ಅಲನ್ ಕೋಸ್ಟಾ, ರಾಯ್ ಕೃಷ್ಣ, ಬ್ರೂನೊ, ಛೆಟ್ರಿ, ಪಾಬ್ಲೊ ಪೆರೆಜ್. ಬ್ರೂನೊ ಹೊಡೆತವನ್ನು ಎಟಿಕೆ ಕೀಪರ್ ವಿಶಾಲ್ ಕೈತ್ ತಡೆದರು, ಪೆರೆಜ್ ಹೊಡೆತ ಮೇಲಿಂದ ಹೋಯಿತು. ಲೀಗ್ ನಿಯಮದಂತೆ ಮೈದಾನದಲ್ಲಿ ಒಮ್ಮೆಗೆ ನಾಲ್ವರೇ ವಿದೇಶಿಯರು, ಆ ನಾಲ್ವರೂ ಮೊದಲ ಐವರಲ್ಲಿ. ಫೈನಲ್‌ಗೆ ಆರು ದಿನ ಮೊದಲು ಮುಂಬೈ ಎದುರು ಒಂಬತ್ತಕ್ಕೆ ಒಂಬತ್ತೂ ಗೋಲಾಗಿದ್ದವು. ಅಂದರೆ ಕನಿಷ್ಠ ಐವರು ಭಾರತೀಯರು ಅದೇ ಒತ್ತಡದಲ್ಲಿ, ತುಂಬಿದ ಕಂಠೀರವದಲ್ಲಿ ಚೆಂಡು ಬಲೆಗೆ ಹಾಕಿದ್ದರು. ಆ ಕಾಲುಗಳ ಮೇಲೆ ನಂಬಿಕೆ ಇಡಬೇಕಿತ್ತು. ಪೆನಾಲ್ಟಿ ಬಿಟ್ಟುಕೊಟ್ಟ ಬೇಗುದಿಯಲ್ಲಿದ್ದ ಆಟಗಾರನಿಗೆ ಐದನೆಯ ಹೊಡೆತ ಕೊಟ್ಟದ್ದು ಆತನಿಗೂ ಒಳ್ಳೆಯದು ಮಾಡಲಿಲ್ಲ.

ಏಪ್ರಿಲ್ 1, 2023, ಶನಿವಾರ

ಮೈದಾನ ಬಿಟ್ಟು ಹೋದ ಬಗ್ಗೆ ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಶಿಸ್ತು ಸಮಿತಿಯ ತೀರ್ಪು ಬಂತು. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಬಹಿರಂಗ ಕ್ಷಮೆ ಕೇಳಬೇಕು, ಕೇಳದಿದ್ದರೆ 6 ಕೋಟಿ. ಕೋಚ್‌ಗೆ 10 ಪಂದ್ಯ ನಿಷೇಧ ಮತ್ತು 5 ಲಕ್ಷ, ಕ್ಷಮೆ ಇಲ್ಲದಿದ್ದರೆ 10 ಲಕ್ಷ.

ದಂಡ ಹೆಚ್ಚಾಯಿತು ಎನ್ನುವವರಿಗೆ 2012ರ ಡಿಸೆಂಬರ್ ನೆನಪಿಸಬೇಕು. ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು ಮೋಹನ್ ಬಾಗಾನ್‌ನ ಐ-ಲೀಗ್ ಪಂದ್ಯ. ಬಾಗಾನ್ ಆಟಗಾರರಲ್ಲಿ ಒಡಾಫಾಗೆ ಕೆಂಪು ಕಾರ್ಡ್, ಗ್ಯಾಲರಿಯಿಂದ ಬಂದ ಕಲ್ಲು ರಹೀಂ ನಬಿಯ ಮುಖಕ್ಕೆ. ಬಾಗಾನ್ ದ್ವಿತೀಯಾರ್ಧಕ್ಕೆ ಇಳಿಯಲೇ ಇಲ್ಲ. ಮೊದಲು ಲೀಗ್‌ನಿಂದಲೇ ನಿಷೇಧ, ಆಮೇಲೆ ಅದನ್ನು ಹಿಂತೆಗೆದುಕೊಂಡು 2 ಕೋಟಿ ದಂಡ, ಅಲ್ಲಿಯವರೆಗೆ ಗಳಿಸಿದ್ದ ಅಂಕಗಳೆಲ್ಲ ಸೊನ್ನೆ. ಆಟಗಾರನೊಬ್ಬನಿಗೆ ರಕ್ತ ಬಂದಿದ್ದ ಪಂದ್ಯ ಅದು. ಈ ಸಲ ಅಂಥ ಯಾವ ಅಪಾಯವೂ ಇರಲಿಲ್ಲ, ಇದ್ದದ್ದು ಒಂದು ತೀರ್ಪಿನ ಮೇಲಿನ ಅಸಮಾಧಾನ.

ನನಗೆ ಒಪ್ಪಿಗೆಯಾಗದ್ದು ಮೊತ್ತವಲ್ಲ, ಮೊತ್ತ ಪ್ರತಿ ಸಲ ಹೊಸದಾಗಿ ಹುಟ್ಟುವುದು. ಒಮ್ಮೆ ಅಂಕ ಕಡಿತ, ಇನ್ನೊಮ್ಮೆ ಬರೀ ಹಣ. ನಾಕೌಟ್‌ನಲ್ಲಿ ಕಡಿತ ಮಾಡಲು ಅಂಕಗಳೇ ಇಲ್ಲದಿದ್ದರೆ ಮುಂದಿನ ಋತುವಿನ ಪಟ್ಟಿಯಿಂದ ಎಷ್ಟು ಕಳೆಯಬೇಕು ಎಂದು ಋತು ಶುರುವಾಗುವ ಮೊದಲೇ ಲೀಗ್ ಬರೆದಿಡಬೇಕು. ಹಣ ಮಾಲೀಕರ ಜೇಬಿನಿಂದ ಹೋಗುತ್ತದೆ. ಮೂರು ಅಂಕ ಹೋದರೆ ಡ್ರೆಸ್ಸಿಂಗ್ ರೂಮಿನಲ್ಲಿ ಪ್ರತಿಯೊಬ್ಬನಿಗೂ ತಾಗುತ್ತದೆ. ಮುಂದಿನ ಸಲ ಕೋಚ್ ಕೈ ಬೀಸಿ ಕರೆದಾಗ ಹೋಗಬೇಕೇ ಬೇಡವೇ ಎಂದು ನಾಯಕನೂ ಯೋಚಿಸುತ್ತಾನೆ. ದಂಡದ ಒಂದು ಪಾಲಿನಿಂದ ಟಿಕೆಟ್ ಕೊಂಡವರಿಗೆ ದುಡ್ಡು ಹಿಂದಿರುಗಿಸಿದ್ದರೆ ಇನ್ನೂ ಸರಿಯಾಗುತ್ತಿತ್ತು.

ಈಗ ಎರಡನೇ ಹಂತದ್ದಾಗಿರುವ ಐ-ಲೀಗ್ ಗೆದ್ದ ರೌಂಡ್‌ಗ್ಲಾಸ್ ಪಂಜಾಬ್ ಮುಂದಿನ ಋತುವಿಗೆ ಐಎಸ್‌ಎಲ್‌ಗೆ ಬಡ್ತಿ ಗಳಿಸಿದೆ. ಆಟದಿಂದಲೇ ಮೇಲೆ ಬಂದ ಮೊದಲ ತಂಡ, ತುಂಬಾ ಸಂತೋಷ. ಆದರೆ ಕೆಳಗಿನಿಂದ ಹತ್ತಲು ಏಣಿ ಇಟ್ಟವರು ಮೇಲಿನಿಂದ ಇಳಿಯುವ ದಾರಿಯನ್ನೂ ತೆರೆಯಬೇಕು. ಕೊನೆಯ ಸ್ಥಾನದ ತಂಡಕ್ಕೆ ಹಿಂಬಡ್ತಿಯ ಭಯ ಇಲ್ಲದಿರುವ ತನಕ ಫೆಬ್ರವರಿಯ ಅರ್ಧ ಪಂದ್ಯಗಳು ಜೀವವಿಲ್ಲದೆ ಮುಗಿಯುತ್ತವೆ.

ಇನ್ನು ಬ್ಲಾಸ್ಟರ್ಸ್ ಕೋಚ್‌ನ ಆ 10 ಪಂದ್ಯಗಳ ಲೆಕ್ಕ. ನಿಷೇಧ ಎಐಎಫ್‌ಎಫ್ ನಡೆಸುವ ಟೂರ್ನಿಗಳಿಗೆ, ಡ್ರೆಸ್ಸಿಂಗ್ ರೂಮಿಗೂ ಬೆಂಚಿಗೂ ಪ್ರವೇಶವಿಲ್ಲ. ಈ ತಿಂಗಳು ಕೇರಳದಲ್ಲೇ ನಡೆಯುವ ಸೂಪರ್ ಕಪ್‌ನಲ್ಲಿ ಗುಂಪಿನ ಮೂರು ಪಂದ್ಯ ಕಳೆಯುತ್ತವೆ. ಅವುಗಳಲ್ಲಿ 16ನೇ ತಾರೀಖು ಕೋಯಿಕ್ಕೋಡ್‌ನಲ್ಲಿ ನಮ್ಮ ಎದುರಿನದೂ ಒಂದು. ಬ್ಲಾಸ್ಟರ್ಸ್ ಗುಂಪು ದಾಟದಿದ್ದರೆ ಏಳು ಉಳಿಯುತ್ತವೆ, ಅವು ಮುಂದಿನ ಋತುವಿಗೆ ಸಾಗುತ್ತವೆ. ಅಂದರೆ ಹೊಸ ತಂಡ ಕಟ್ಟುವ, ಹೊಸ ವಿದೇಶಿಯರನ್ನು ಹೊಂದಿಸುವ ಆರಂಭದ ವಾರಗಳಲ್ಲೇ ಅವರ ಬೆಂಚಿನಲ್ಲಿ ಮುಖ್ಯ ಕೋಚ್ ಇರುವುದಿಲ್ಲ.