ಕಾಲಿನ ಆಪರೇಷನ್ನಿಗೂ ಕೊಲೆಸ್ಟೆರಾಲ್ ಮಾತ್ರೆಗೂ ಏನು ಸಂಬಂಧ?

ಕಾಲಿನ ಅಪಧಮನಿಗೆ ಬೈಪಾಸ್ ಮಾಡಿಸಿಕೊಂಡ ಚಿಕ್ಕಪ್ಪನವರನ್ನು ಮನೆಗೆ ಕರೆತಂದ ಸಂಜೆ, ಡಿಸ್ಚಾರ್ಜ್ ಸಮ್ಮರಿಯನ್ನು ಅವರ ಹಳೆಯ ಔಷಧದ ಚೀಟಿಯೊಂದಿಗೆ ಇಟ್ಟು ನೋಡಿದೆ. ಮೂರು ವರ್ಷಗಳಿಂದ ರಾತ್ರಿ ಊಟವಾದ ಮೇಲೆ ಅವರು ನುಂಗುತ್ತಿದ್ದ ಕೊಲೆಸ್ಟೆರಾಲ್ ಮಾತ್ರೆ ಅಟೊರ್ವಾಸ್ಟ್ಯಾಟಿನ್ ಹೊಸ ಪಟ್ಟಿಯಲ್ಲಿ ಇರಲಿಲ್ಲ. ಫೋನ್ ಮಾಡಿ ವಿಚಾರಿಸಿದಾಗ, ಆಪರೇಷನ್ ದಿನ ನಿಲ್ಲಿಸಿದ್ದನ್ನು ಮತ್ತೆ ಬರೆಯುವುದು ಬಿಟ್ಟುಹೋಗಿದೆ ಎಂದು ತಿಳಿಯಿತು. ಅಂದು ರಾತ್ರಿಯೇ ಮಾತ್ರೆ ಮುಂದುವರಿಯಿತು. "ಕೊಯ್ದದ್ದು ಕಾಲನ್ನು, ಕೊಲೆಸ್ಟೆರಾಲಿಗೇನು ಇಷ್ಟು ಅವಸರ?" ಎಂದು ಚಿಕ್ಕಪ್ಪ ಕೇಳಿದ್ದಕ್ಕೆ ನಾನು ಆಗ ಸರಿಯಾಗಿ ಉತ್ತರಿಸಲಿಲ್ಲ.

ಕಾಲಿನ ರಕ್ತನಾಳದಲ್ಲಿ ಜಿಡ್ಡು ಕಟ್ಟಿದವರಿಗೆ ಹೃದಯದ ರಕ್ತನಾಳಗಳಲ್ಲಿಯೂ ಅದು ಕಟ್ಟಿರುವ ಸಂಭವ ಹೆಚ್ಚು. ಮಹಾಪಧಮನಿ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಅಥವಾ ಕಾಲಿನ ರಕ್ತನಾಳದ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆ ಹಾಕಿದ ಜಾಗಕ್ಕಿಂತ ಹೃದಯದ ಬಗ್ಗೆಯೇ ವೈದ್ಯರು ಹೆಚ್ಚು ಆತಂಕಪಡುವುದು ಇದಕ್ಕಾಗಿ. ಗಾಯಕ್ಕೆ ಮೈ ತೋರುವ ಪ್ರತಿಕ್ರಿಯೆಯಿಂದ ಉರಿಯೂತ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ, ನಾಡಿ ವೇಗವಾಗುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಜಿಡ್ಡಿನ ಪದರ ಬಿರುಕುಬಿಟ್ಟರೆ ಹೃದಯಾಘಾತವಾಗಬಹುದು. ಅಟೊರ್ವಾಸ್ಟ್ಯಾಟಿನ್ ಸೇರಿರುವ ಔಷಧಗಳ ಗುಂಪಾದ ಸ್ಟ್ಯಾಟಿನ್ ಕೊಲೆಸ್ಟೆರಾಲನ್ನು ಇಳಿಸುವುದಲ್ಲದೆ, ರಕ್ತನಾಳದ ಗೋಡೆಯ ಉರಿಯೂತವನ್ನು ತಗ್ಗಿಸಿ ಆ ಪದರವನ್ನು ಗಟ್ಟಿಗೊಳಿಸಲು ನೆರವಾಗುತ್ತದೆ.

ಬ್ರೆಜಿಲ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರಕ್ತನಾಳದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗಿದ್ದ 100 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 20 ಮಿಲಿಗ್ರಾಂ ಅಟೊರ್ವಾಸ್ಟ್ಯಾಟಿನ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಡಲಾಯಿತು. ಆರು ತಿಂಗಳೊಳಗೆ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಅನಾಹುತಗಳು ಮೊದಲ ಗುಂಪಿನ ಶೇ. 8 ಮಂದಿಗೆ, ಎರಡನೆಯದರ ಶೇ. 26 ಮಂದಿಗೆ ಎದುರಾದವು. ಅಂತರ ದೊಡ್ಡದು, ಆದರೆ ನೂರೇ ಜನರ ಲೆಕ್ಕವನ್ನು ನಾನು ಅಳುಕಿನಿಂದಲೇ ಒಪ್ಪುತ್ತೇನೆ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಿಕ್ರೀಸ್-3 ಅಧ್ಯಯನ 497 ರೋಗಿಗಳಿಗೆ ಅದೇ ಗುಂಪಿನ ಫ್ಲುವಾಸ್ಟ್ಯಾಟಿನ್ ಅಥವಾ ಹುಸಿ ಮಾತ್ರೆ ಕೊಟ್ಟು ಇದೇ ದಿಕ್ಕಿನ ಫಲಿತಾಂಶವನ್ನು ವರದಿ ಮಾಡಿತು; ಆದರೆ ಆ ಸರಣಿಯ ಮುಖ್ಯಸ್ಥರಾಗಿದ್ದ ಡಾನ್ ಪೋಲ್ಡರ್‌ಮಾನ್ಸ್ ಅವರನ್ನು ಎರಾಸ್ಮಸ್ ವೈದ್ಯಕೀಯ ಕೇಂದ್ರವು 2011ರಲ್ಲಿ ವೈಜ್ಞಾನಿಕ ಪ್ರಾಮಾಣಿಕತೆಯ ಲೋಪಕ್ಕಾಗಿ ವಜಾ ಮಾಡಿತು. ಅಂದಿನಿಂದ ಆ ಅಂಕಿಗಳ ಮೇಲೆ ಭಾರ ಹಾಕಲು ತಜ್ಞರು ಹಿಂಜರಿಯುತ್ತಾರೆ. 2016ರ ಲೋಡ್ ಪ್ರಯೋಗದಲ್ಲಿ ಹೃದಯೇತರ ಶಸ್ತ್ರಚಿಕಿತ್ಸೆಗೆ ಕೆಲವೇ ಗಂಟೆಗಳ ಮೊದಲು ದೊಡ್ಡ ಪ್ರಮಾಣದಲ್ಲಿ ಅಟೊರ್ವಾಸ್ಟ್ಯಾಟಿನ್ ಆರಂಭಿಸಿದರೂ ಗಮನಾರ್ಹ ಲಾಭ ಕಾಣಲಿಲ್ಲ.

ಹೊಸದಾಗಿ ಯಾವಾಗ ಆರಂಭಿಸಬೇಕು ಎಂಬುದು ಹೀಗೆ ಚರ್ಚೆಯ ವಿಷಯ. ಮೊದಲೇ ತೆಗೆದುಕೊಳ್ಳುತ್ತಿದ್ದವರು ನಿಲ್ಲಿಸಬಾರದು ಎಂಬುದರಲ್ಲಿ ಅಷ್ಟು ಗೊಂದಲವಿಲ್ಲ: ಪ್ಯಾರಿಸ್‌ನ ವೈದ್ಯರು 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಹಾಪಧಮನಿಯ ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಸ್ಟ್ಯಾಟಿನ್ ತಪ್ಪಿದವರ ಹೃದಯಸ್ನಾಯುವಿಗೆ ಹಾನಿ ಹೆಚ್ಚಾಗಿತ್ತು. ಅಮೆರಿಕದ ಹೃದ್ರೋಗ ಸಂಘಟನೆಗಳ 2014ರ ಮಾರ್ಗಸೂಚಿಯೂ ಮುಂದುವರಿಸಿ ಎಂದೇ ಹೇಳಿತ್ತು.

ತೊಡಕು ಇರುವುದು ವಾರ್ಡಿನಲ್ಲಿ. ಸ್ಟ್ಯಾಟಿನ್ ಇಂಜೆಕ್ಷನ್ ರೂಪದಲ್ಲಿ ಬಳಕೆಯಲ್ಲಿಲ್ಲ. ಬಾಯಿಂದ ಏನೂ ಕೊಡಬಾರದ ದಿನಗಳಲ್ಲಿ ಅದು ಸಹಜವಾಗಿಯೇ ಪಟ್ಟಿಯಿಂದ ಜಾರುತ್ತದೆ. ಮೂಗಿನ ನಳಿಕೆ ಇದ್ದರೆ ಅಟೊರ್ವಾಸ್ಟ್ಯಾಟಿನನ್ನು ಪುಡಿಮಾಡಿ ಕೊಡಬಹುದೇ ಎಂದು ಕೇಳಬಹುದು. ಆದರೆ ನಿಧಾನವಾಗಿ ಕರಗುವ ಬಗೆಯ ಮಾತ್ರೆಗಳನ್ನು ಪುಡಿಮಾಡುವಂತಿಲ್ಲ. ಚಿಕ್ಕಪ್ಪನವರಿಗೆ ಇದನ್ನೆಲ್ಲ ವಿವರಿಸಿದ ಮೇಲೆ ಅವರು ಮಾತ್ರೆಯ ಸ್ಟ್ರಿಪ್ಪನ್ನು ಆಸ್ಪಿರಿನ್ ಜೊತೆ ಕಟ್ಟಿಟ್ಟುಕೊಂಡಿದ್ದಾರೆ. ತೊಡೆಯ ಸ್ನಾಯು ನೋಯುತ್ತಿದೆ ಎಂದು ಹೋದ ವಾರ ಹೇಳಿದ್ದರಿಂದ (ಅದು ಸ್ಟ್ಯಾಟಿನ್ ಅಡ್ಡಪರಿಣಾಮವೂ ಇರಬಹುದು), ತಾವಾಗಿ ನಿಲ್ಲಿಸದೆ ವೈದ್ಯರನ್ನು ನೋಡಲು ಸೋಮವಾರ ಹೊರಟಿದ್ದಾರೆ.