ಉಸಿರಿಗಾಗಿ ಮೇಲೆ ಬರುವವರು

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ನನ್ನ ತಂಗಿ ಕಳೆದ ಏಪ್ರಿಲ್‌ನಲ್ಲಿ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಣ್ಣ ವಿಡಿಯೊ ಕಳುಹಿಸಿದಳು. 1964ರಿಂದ ಅಲ್ಲಿ ನಡೆಯುತ್ತಿರುವ ಸೀವರ್ಲ್ಡ್ ಎಂಬ ಸಾಗರ ಉದ್ಯಾನದ ಕೊಳದಲ್ಲಿ ಕೊಲೆಗಾರ ತಿಮಿಂಗಿಲವೆಂದೂ ಕರೆಯುವ, ಕಪ್ಪು ಬಿಳುಪು ಮೈಯ ಭಾರೀ ಓರ್ಕಾ ಒಂದು ನೀರಿನಿಂದ ಚಿಮ್ಮಿ, ಮಗ್ಗುಲಾಗಿ ಬಿದ್ದು, ಮುಂದಿನ ಸಾಲುಗಳಲ್ಲಿ ಕುಳಿತವರನ್ನೆಲ್ಲ ತೋಯಿಸುವ ದೃಶ್ಯವದು. ನಮ್ಮ ಮನೆಯ ಆರು ವರ್ಷದ ಮಗಳು ಮತ್ತು ಮೂರೂವರೆ ವರ್ಷದ ಮಗ ಅದನ್ನು ಒಂದು ವಾರ ಪೂರ್ತಿ ದೋಸೆಯ ಜೊತೆ ನೋಡಿದರು. ವೀಸಾ, ವಿಮಾನದ ಟಿಕೆಟ್ ಎಂಬ ಮಾತುಗಳು ಆ ವಯಸ್ಸಿಗೆ ಅರ್ಥವಾಗುವುದಿಲ್ಲ. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ, ಪೂರ್ವಕ್ಕೆ ಚೆನ್ನೈಗೆ ಹೋದರೂ ಪಶ್ಚಿಮಕ್ಕೆ ಮಂಗಳೂರಿಗೆ ಹೋದರೂ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್ ಕ್ರಮಿಸದೆ ಅಲೆ ಕಾಣುವುದಿಲ್ಲ ಎಂದು ಹೇಳಿದಾಗ ಮಗಳು, "ಹಾಗಾದ್ರೆ ಮಧ್ಯದಲ್ಲಿ ಯಾಕೆ ಮನೆ ಮಾಡಿದ್ರಿ?" ಎಂದು ಕೇಳಿದಳು.

ಅದೇ ವಾರ ದಿನಪತ್ರಿಕೆಯ ನಡುವೆ ಒಂದು ಕರಪತ್ರ ಬಂದಿತು. ನಗರದ ಉತ್ತರ ಭಾಗದ ಮೈದಾನವೊಂದರಲ್ಲಿ ಬೇಸಿಗೆ ರಜೆಗೆಂದು ಹಾಕಿದ್ದ ವಸ್ತುಪ್ರದರ್ಶನದಲ್ಲಿ ನೀರೊಳಗಿನ ಸುರಂಗ, ಸಾವಿರಾರು ಮೀನುಗಳು ಮತ್ತು ಜೀವಂತ ಮತ್ಸ್ಯಕನ್ಯೆಯರು ಇರುವರೆಂದು ಅದರಲ್ಲಿ ಮುದ್ರಿಸಲಾಗಿತ್ತು. ಮೇಲ್ಭಾಗದಲ್ಲಿ ನಗುತ್ತ ಹಾರುತ್ತಿದ್ದ ಎರಡು ಡಾಲ್ಫಿನ್‌ಗಳ ಚಿತ್ರವಿತ್ತು. ಒಳಗೆ ಡಾಲ್ಫಿನ್ ಇರುವುದಕ್ಕೆ ಸಾಧ್ಯವೇ ಇಲ್ಲವೆಂದು ನನಗೆ ಗೊತ್ತಿತ್ತು, ಆದರೆ ಮಕ್ಕಳಿಗೆ ಹೇಳಲಿಲ್ಲ. ಆ ದಿನದ ತಪ್ಪುಗಳಲ್ಲಿ ಮೊದಲನೆಯದು ನನ್ನದೇ.

ಭಾನುವಾರ ಮಧ್ಯಾಹ್ನ ನಾನು, ನನ್ನ ಪತಿ, ಇಬ್ಬರು ಮಕ್ಕಳು ಮತ್ತು ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆಯವರು ಬನಶಂಕರಿಯಲ್ಲಿ ಮೆಟ್ರೊ ಹತ್ತಿ, ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಆಟೊದಲ್ಲಿ ಮೈದಾನಕ್ಕೆ ಹೋದೆವು. ತಗಡಿನ ಶೀಟುಗಳಿಂದ ಮರೆಮಾಡಿದ್ದ ಉದ್ದನೆಯ ಶೆಡ್ಡಿನ ಮುಂದೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆವು. ಸಾಲಿನಲ್ಲಿಯೇ ನೀರಿನ ಬಾಟಲಿ ಖಾಲಿಯಾಯಿತು, ಮಗನ ಒಂದು ಚಪ್ಪಲಿ ಕಳೆದು ಮತ್ತೆ ಸಿಕ್ಕಿತು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ವಾರದ ದಿನ, ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು. ಮೂರೂವರೆ ವರ್ಷದ ಮಗುವಿನ ಉತ್ಸಾಹಕ್ಕೆ ಸುಮಾರು ನಲವತ್ತು ನಿಮಿಷದ ಆಯಸ್ಸು ಮಾತ್ರ ಇರುತ್ತದೆ, ಅದನ್ನು ನಾವು ಸಾಲಿನಲ್ಲೇ ಖರ್ಚು ಮಾಡಿದ್ದೆವು.

ಸುರಂಗ ಮಾತ್ರ ನಿಜಕ್ಕೂ ಸುಂದರವಾಗಿತ್ತು. ತಲೆಯ ಮೇಲೆ ಕಮಾನಾಗಿ ಬಾಗಿದ ದಪ್ಪ ಅಕ್ರಿಲಿಕ್, ಅದರಾಚೆ ನೀಲಿ ಬೆಳಕು, ಬೆಳಕಿನಲ್ಲಿ ನಿಧಾನವಾಗಿ ಸರಿಯುವ ಬಿಳಿ ಹೊಟ್ಟೆಗಳು. ಆದರೆ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಒಂದು ಸಂಗತಿ ಹೊಳೆಯಿತು. ಸಾಗರಲೋಕವೆಂದು ಬರೆದಿದ್ದ ಆ ಸುರಂಗದಲ್ಲಿ ನಾನು ಗುರುತಿಸಬಲ್ಲ ಮೀನುಗಳೆಲ್ಲ ಸಿಹಿನೀರಿನವಾಗಿದ್ದವು. ಕೆಂಪು ಬಾಲದ ದೊಡ್ಡ ಕ್ಯಾಟ್‌ಫಿಶ್, ಮೊಸಳೆಯಂತೆ ಮೂತಿ ಚಾಚಿದ ಅಲಿಗೇಟರ್ ಗಾರ್, ಶಾರ್ಕ್ ಎಂದು ಫಲಕ ಹಾಕಿದ್ದ ಪಂಗಾಸಿಯಸ್ ಇವೆಲ್ಲ ನದಿಯ ಮೀನುಗಳೇ, ಪಂಗಾಸಿಯಸ್ ಅಂತೂ ಶಾರ್ಕ್ ಜಾತಿಗೆ ಸೇರಿದ್ದೇ ಅಲ್ಲ. ಊರಿಂದ ಊರಿಗೆ ಸಾಗುವ ಪ್ರದರ್ಶನಕ್ಕೆ ಇದರಲ್ಲಿ ಅನುಕೂಲವಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ, ಅಂದರೆ ಹತ್ತು ಲೀಟರಿನ ನಮ್ಮ ಸ್ನಾನದ ಬಕೆಟ್ಟಿಗೇ 350 ಗ್ರಾಂ ಬೇಕು. ಇಡೀ ಸುರಂಗಕ್ಕೆ ಎಷ್ಟು ಚೀಲ ಬೇಕಾದೀತೆಂದು ಊಹಿಸಿಕೊಂಡ ಅತ್ತೆಯವರು ಉಪ್ಪಿನಕಾಯಿಯ ಭರಣಿಯನ್ನು ನೆನೆದು ನಕ್ಕರು. "ನಮ್ಮ ಶೃಂಗೇರಿಯ ಮೀನುಗಳು ಇದಕ್ಕಿಂತ ದೊಡ್ಡವಮ್ಮ. ಟಿಕೆಟಿಲ್ಲ, ಒಂದು ಪೊಟ್ಟಣ ಮಂಡಕ್ಕಿ ತಗೊಂಡ್ರೆ ಸಾಕು" ಎಂದೂ ಸೇರಿಸಿದರು. ತುಂಗೆಯ ಮೆಟ್ಟಿಲುಗಳ ಬಳಿ ಮುಗಿಬೀಳುವ ಆ ಮೀನುಗಳನ್ನು ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ. ನನಗೆ ನೆನಪಾದದ್ದು ಕಬ್ಬನ್ ಉದ್ಯಾನದ ಅಂಚಿನಲ್ಲಿ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯ. ಅಪ್ಪನ ಹೆಗಲ ಮೇಲೆ ಕುಳಿತು ಅಲ್ಲಿ ನೋಡಿದ ಮಂದ ಬೆಳಕಿನ ಗಾಜಿನ ತೊಟ್ಟಿಗಳಲ್ಲಿ ಯಾರೂ ಸಮುದ್ರದ ಸುಳ್ಳು ಹೇಳಿರಲಿಲ್ಲ.

ಸುರಂಗದ ತಿರುವಿನಲ್ಲಿ ನಾಲ್ಕೈದು ಅಡಿ ಉದ್ದದ ಅರಪೈಮಾ ಇತ್ತು. ಅಮೆಜಾನ್ ನದಿಯ ಈ ಮೀನಿಗೆ ಕಿವಿರುಗಳಿದ್ದರೂ ಅವು ಸಾಲುವುದಿಲ್ಲ. ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಬದುಕಲು ಅದರ ಒಳಗಿನ ಗಾಳಿಚೀಲವೇ ಶ್ವಾಸಕೋಶದಂತೆ ಮಾರ್ಪಟ್ಟಿದ್ದು, 10ರಿಂದ 20 ನಿಮಿಷಕ್ಕೊಮ್ಮೆ ಅದು ಮೇಲೆ ಬಂದು ಗಾಳಿ ನುಂಗಲೇಬೇಕು. ಅಲ್ಲಿದ್ದ ಕೆಲಸದ ಹುಡುಗ ಇಷ್ಟನ್ನು ಮಗಳಿಗೆ ಹೇಳಿದ್ದೇ ತಪ್ಪಾಯಿತು. ಮೀನು ಮೇಲೆ ಬರುವವರೆಗೆ ತಾನು ಕದಲುವುದಿಲ್ಲವೆಂದು ಅವಳು ಕೈಗಂಬಿಯನ್ನು ಹಿಡಿದು ನಿಂತಳು. ಹಿಂದಿನಿಂದ ಜನ ತಳ್ಳುತ್ತಿದ್ದರು, ಯಾರೋ ಮೊಬೈಲ್ ಎತ್ತಿ ಹಿಡಿದು ಪಕ್ಕಕ್ಕೆ ಸರಿಯಿರಿ ಎನ್ನುತ್ತಿದ್ದರು. ನನ್ನ ಪತಿ ಅವಳ ಜೊತೆ ಉಳಿದರು, ನಾನು ಮಗನನ್ನು ಎತ್ತಿಕೊಂಡು ಅತ್ತೆಯವರೊಂದಿಗೆ ಮುಂದೆ ಹೋದೆ. ಹನ್ನೆರಡು ನಿಮಿಷದ ನಂತರ ಹೊರಬಂದ ಮಗಳು, "ಬಂತು ಅಮ್ಮ, ಬಾಯಿ ತೆಗೆದು ಗುಳುಕ್ ಅಂತ ನುಂಗಿ ಹೋಯ್ತು!" ಎಂದು ಮೈಯೆಲ್ಲ ಬಾಯಾಗಿ ಹೇಳಿದಳು. ಅಷ್ಟು ಹೊತ್ತೂ ನಾನು ಫೋಟೊಗಳನ್ನು ತೆಗೆಯುತ್ತಿದ್ದೆ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಕಾಣಿಸುವುದು ಅಕ್ರಿಲಿಕ್‌ನಲ್ಲಿ ಮೂಡಿದ ನನ್ನದೇ ನೆರಳು.

ಮಗನ ಆಸಕ್ತಿ ಬೇರೆಯದಾಗಿತ್ತು. "ಮೀನು ಎಲ್ಲಿ ಸುಸ್ಸು ಮಾಡುತ್ತೆ?" ಎಂದು ಅವನು ಕೋಡಂಗಿ ಮೀನಿನ ತೊಟ್ಟಿಯ ಮುಂದೆ ಎಲ್ಲರಿಗೂ ಕೇಳುವಂತೆ ಕೂಗಿದ. ಉಪ್ಪುನೀರಿದ್ದದ್ದು ಸುರಂಗದ ಆಚೆ ಸಾಲಾಗಿ ಇಟ್ಟಿದ್ದ ಇಂಥ ಸಣ್ಣ ತೊಟ್ಟಿಗಳಲ್ಲಿ ಮಾತ್ರ. ನಿಜ ಹೇಳಬೇಕೆಂದರೆ ಆ ಇಡೀ ಪ್ರದರ್ಶನದಲ್ಲಿ ಕೇಳಬೇಕಾದ ಪ್ರಶ್ನೆ ಅದೇ. ಮೀನಿನ ದೇಹದ ಅಮೋನಿಯಾ ಬಹುಪಾಲು ಕಿವಿರುಗಳ ಮೂಲಕವೇ ಹೊರಹೋಗುತ್ತದೆ. ನದಿಯ ಮೀನಿನ ಮೈಯೊಳಗೆ ನೀರು ತಾನಾಗಿ ನುಗ್ಗುವುದರಿಂದ ಅದು ಧಾರಾಳವಾಗಿ ಮೂತ್ರ ಮಾಡುತ್ತದೆ, ಸಮುದ್ರದ ಮೀನು ನೀರು ಕುಡಿದೂ ಬಹಳ ಕಡಿಮೆ ಮಾಡುತ್ತದೆ. ಇವೆಲ್ಲವೂ ಅದೇ ತೊಟ್ಟಿಯಲ್ಲಿ ಉಳಿಯುವುದರಿಂದ, ಶೋಧಕದೊಳಗೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅನಂತರ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿಯೂ ಬದಲಿಸದಿದ್ದರೆ ಮೀನುಗಳು ತಮ್ಮ ಮಲಿನದಲ್ಲೇ ಸಾಯುತ್ತವೆ. ನಾನು ಇದನ್ನು ಮಗನಿಗೆ, "ಕಣ್ಣಿಗೆ ಕಾಣದ ಸಣ್ಣ ಹುಳುಗಳು ತೊಳೆಯುತ್ತವೆ" ಎಂಬಷ್ಟಕ್ಕೆ ಇಳಿಸಿದೆ. ಅಲ್ಲಿಂದ ಮುಂದೆ ಅವನು ಮೀನುಗಳನ್ನು ಬಿಟ್ಟು ತೊಟ್ಟಿಗಳ ಹಿಂದಿನ ಪಂಪು ಮತ್ತು ಪೈಪುಗಳನ್ನು ಮಾತ್ರ ನೋಡಿದ. ಜನ ಒಳಗೆ ನಡೆದಾಡುವ ಬಾಗಿದ ಅಕ್ರಿಲಿಕ್ ಸುರಂಗಗಳಿಗೆ ಮಾದರಿಯಾದದ್ದು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಕೆಲ್ಲಿ ಟಾರ್ಲ್ಟನ್ ಎಂಬ ಮುಳುಗುಗಾರ 1985ರಲ್ಲಿ ತೆರೆದ ಜಲಚರಾಲಯ. ಅದನ್ನು ಕಟ್ಟಿದ್ದು ಬಳಕೆ ತಪ್ಪಿದ್ದ ಚರಂಡಿ ನೀರಿನ ತೊಟ್ಟಿಗಳ ಒಳಗೆ ಎಂಬುದನ್ನು ನೆನೆದರೆ ಮಗ ನೋಡಿದ ದಿಕ್ಕು ಸರಿಯಾಗಿಯೇ ಇತ್ತು.

ಕೊನೆಯಲ್ಲಿ ಮತ್ಸ್ಯಕನ್ಯೆಯರ ಪ್ರದರ್ಶನವಿತ್ತು. ಹೊಳೆಯುವ ಹಸಿರು ಬಾಲ ತೊಟ್ಟ ಇಬ್ಬರು ಯುವತಿಯರು ಕನ್ನಡಕವಿಲ್ಲದೆ ನೀರಿನೊಳಗೆ ಸುಳಿಯುತ್ತ, ಗಾಜಿನ ಬಳಿಗೆ ಬಂದು ಮಕ್ಕಳಿಗೆ ಮುತ್ತು ತೂರುತ್ತಿದ್ದರು. ಮಗ ಹೆದರಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಮಗಳು ಮಾತ್ರ ಎಣಿಸುತ್ತಿದ್ದಳು. ನಲವತ್ತೆರಡಕ್ಕೆ ಒಬ್ಬಳು ಮೇಲೆ ಹೋಗಿ ಉಸಿರೆಳೆದುಕೊಂಡು ಬಂದಳು, ಮುಂದಿನ ಸಲ ಐವತ್ತಕ್ಕೆ. "ಇವಳೂ ಮೇಲೆ ಹೋಗ್ತಾಳೆ, ಹಾಗಾದ್ರೆ ಇವಳು ಮೀನಲ್ಲ" ಎಂದಳು. ಅರಪೈಮಾವೂ ಮೇಲೆ ಬರುತ್ತದಲ್ಲ, ಅದು ಮೀನೇ ಅಲ್ಲವೇ ಎಂದು ಕೇಳಿದ್ದಕ್ಕೆ ಅವಳು ಬಹಳ ಹೊತ್ತು ಉತ್ತರಿಸಲಿಲ್ಲ.

ಹೊರಗೆ ಡೆಲ್ಲಿ ಹಪ್ಪಳದ ಅಂಗಡಿಯ ಮುಂದೆ ಕುಳಿತಾಗ ಕರಪತ್ರದ ವಿಷಯ ಬಂದೇ ಬಂದಿತು. "ಡಾಲ್ಫಿನ್ ಎಲ್ಲಿ?" ಎಂದು ಮಗಳು ಕೇಳಿದಳು. ಡಾಲ್ಫಿನ್ ಮೀನಲ್ಲ, ಅದಕ್ಕೆ ಕಿವಿರೇ ಇಲ್ಲ, ನೆತ್ತಿಯ ಮೇಲಿನ ಒಂದೇ ಮೂಗಿನ ರಂಧ್ರದಿಂದ ಉಸಿರಾಡುತ್ತದೆ, ನಿದ್ದೆಯಲ್ಲೂ ಉಸಿರು ಮರೆಯಬಾರದೆಂದು ಅದರ ಮೆದುಳಿನ ಅರ್ಧ ಭಾಗ ಎಚ್ಚರವಾಗಿಯೇ ಇರುತ್ತದೆ, ಚಿಕ್ಕಮ್ಮನ ವಿಡಿಯೊದಲ್ಲಿದ್ದ ಓರ್ಕಾ ಕೂಡ ಅದೇ ಕುಟುಂಬದ ಅತಿ ದೊಡ್ಡ ಪ್ರಾಣಿ ಎಂದೆಲ್ಲ ಹೇಳಿದೆ. ನಮ್ಮ ದೇಶದಲ್ಲಿ ಅದನ್ನು ಕೊಳದಲ್ಲಿಟ್ಟು ಆಡಿಸುವಂತಿಲ್ಲ ಎಂಬುದನ್ನೂ ಕೊನೆಗೆ ಹೇಳಿದೆ. 1990ರ ದಶಕದ ಕೊನೆಯಲ್ಲಿ ಚೆನ್ನೈ ಸಮೀಪದ ಉದ್ಯಾನವೊಂದಕ್ಕೆ ವಿದೇಶದಿಂದ ತರಿಸಿದ್ದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತಿದ್ದವು. ಮತ್ತೆ ಕೆಲವು ರಾಜ್ಯಗಳಲ್ಲಿ ಅಂಥದೇ ಕೊಳಗಳ ಯೋಜನೆ ಕೇಳಿಬಂದಾಗ, ಇವುಗಳಿಗೆ ಅನುಮತಿ ಕೊಡಬಾರದೆಂದು ಕೇಂದ್ರ ಮೃಗಾಲಯ ಪ್ರಾಧಿಕಾರ 2013ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಸೂಚಿಸಿತು. ಅಮೆರಿಕದಲ್ಲಿಯೂ ಸೀವರ್ಲ್ಡ್ ಸಂಸ್ಥೆ 2016ರಲ್ಲಿ ಓರ್ಕಾಗಳ ಸಂತಾನೋತ್ಪತ್ತಿಯನ್ನು ನಿಲ್ಲಿಸುವುದಾಗಿ ಘೋಷಿಸಿತು, ಈಗ ಅಲ್ಲಿರುವವುಗಳ ನಂತರ ಮತ್ತೊಂದು ಪೀಳಿಗೆ ಇರುವುದಿಲ್ಲ. ಸಾವಿನ ಮಾತನ್ನು ನಾನು ಮಗಳಿಗೆ ಹೇಳಲಿಲ್ಲ. ಕೊಳ ಚಿಕ್ಕದು, ಡಾಲ್ಫಿನ್ ಬಹಳ ದೂರ ಈಜುವ ಪ್ರಾಣಿ ಎಂದೆ. "ಅದೂ ಮೇಲೆ ಬಂದಾಗ ಗುಳುಕ್ ಅನ್ನುತ್ತಾ?" ಎಂಬುದಷ್ಟೇ ಅವಳ ಮುಂದಿನ ಪ್ರಶ್ನೆಯಾಗಿತ್ತು.

ಶೌಚಾಲಯ ಹುಡುಕುತ್ತ ಶೆಡ್ಡಿನ ಹಿಂಬದಿಗೆ ಹೋದಾಗ ತಗಡಿನ ಮರೆಯಲ್ಲಿ ಒಂದು ಹಗ್ಗದ ಮೇಲೆ ಹಸಿರು ಬಾಲ ನೇತುಹಾಕಿತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಟವೆಲ್ ಹೊದ್ದ ಆ ಯುವತಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಟೀ ಕುಡಿಯುತ್ತಿದ್ದಳು. ಮಕ್ಕಳ ಕನಸು ಒಡೆಯಿತೆಂದು ನಾನು ಕೈ ಹಿಡಿದೆಳೆದೆ. ಮಗಳು ಹೆಜ್ಜೆ ಕೀಳದೆ, ನೀರಿನಲ್ಲಿ ಕಣ್ಣು ಉರಿಯುವುದಿಲ್ಲವೇ ಎಂದು ಕೇಳಿದಳು. ಆ ಯುವತಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಹಿಂದಿಯಲ್ಲಿ ಹೇಳಿದ ಮೇಲೆ ಬಗ್ಗಿ, ಕೆಳರೆಪ್ಪೆಯನ್ನು ಬೆರಳಿನಿಂದ ಇಳಿಸಿ ಕೆಂಪಗಾದ ಕಣ್ಣು ತೋರಿಸಿದಳು. ದಿನಕ್ಕೆ ಎಷ್ಟು ಆಟವೆಂದು ಕೇಳಿದೆ, ಭಾನುವಾರ ಲೆಕ್ಕವಿಲ್ಲ ಎಂದಳು. ಒಳಗಿನಿಂದ ಯಾರೋ ಕೂಗಿದಾಗ ಲೋಟ ಕೆಳಗಿಟ್ಟು ಎದ್ದು, ಇನ್ನೂ ಒದ್ದೆಯಾಗಿದ್ದ ಬಾಲವನ್ನು ಹಗ್ಗದಿಂದ ಇಳಿಸಿಕೊಂಡಳು. ಮಗ ಅಂದಿಗೆ ಮೊದಲ ಸಲ ಹೆದರದೆ ಅವಳಿಗೆ ಟಾಟಾ ಮಾಡಿದ.

ಮೆಟ್ರೊದಲ್ಲಿ ಮಗ ಅಜ್ಜಿಯ ತೊಡೆಯ ಮೇಲೆ ಮಲಗಿಬಿಟ್ಟ. ಚಳಿಗಾಲದಲ್ಲಿ ಕಾರವಾರಕ್ಕೆ ಹೋಗಿ, ದೋಣಿ ಹತ್ತಿ, ಸಮುದ್ರದ ಡಾಲ್ಫಿನ್‌ಗಳು ಬಂದರೆ ನೋಡುವುದು, ಬಾರದಿದ್ದರೆ ಮೀನೂಟ ಮಾಡಿ ಬರುವುದು ಎಂದು ನಾವಿಬ್ಬರೂ ಮಾತನಾಡಿಕೊಂಡೆವು. ಮಗಳು ನನ್ನ ಮೊಬೈಲ್ ತೆಗೆದುಕೊಂಡು ಚಿಕ್ಕಮ್ಮನಿಗೆ ಧ್ವನಿ ಸಂದೇಶ ಕಳುಹಿಸಿದಳು: "ಚಿಕ್ಕಮ್ಮ, ನಿಮ್ಮ ತಿಮಿಂಗಿಲ ಎಷ್ಟು ಎಣಿಸೋ ಹೊತ್ತಿಗೆ ಒಂದು ಸಲ ಉಸಿರು ತಗೊಳುತ್ತೆ?" ಮರುದಿನ ಬೆಳಗಿನ ದೋಸೆಯ ಹೊತ್ತಿಗೆ ಉತ್ತರ ಬಂದಿತ್ತು. ಅದು ಯಾವಾಗ ಹಾರುತ್ತದೆಂದು ಕಾಯುವುದರಲ್ಲಿ ಎಣಿಸಲೇ ಇಲ್ಲವೆಂದು ತಂಗಿ ಹೇಳಿದ್ದಳು.